ಆಲೆಮನೆ ಅಂಗಳದಲ್ಲಿ 22 ನಿಮಿಷ

ಸಿನಿಮಾ ಹನ್ನೊಂದನೇ ನಿಮಿಷ ದಾಟಿತ್ತು. ಬೆಲ್ಲ ಮಾಡೋ ಆಲೆಮನೆಯ ಗೋಡೆಗೆ ಕಟ್ಟಿದ್ದ ಬಿಳಿ ಬೆಡ್‌ಶೀಟ್ ಮೇಲೆ ಕೊಪ್ಪರಿಗೆ ಕೊತಕೊತ ಕುದಿಯುತ್ತಿತ್ತು. ಅದೇ ಕೊಪ್ಪರಿಗೆ ಹತ್ತು ಮಾರು ಆಚೆ ಕತ್ತಲಲ್ಲಿ ತಣ್ಣಗೆ ಕೂತಿತ್ತು. ಮುಂದೆ ಕಬ್ಬಿನ ಸಿಪ್ಪೆ ಹಾಸಿಕೊಂಡು ಕೂತಿದ್ದ ಪಾಕದವರು, ಅಂದರೆ ಬೆಲ್ಲದ ಹದ ನೋಡಿ ಇಳಿಸೋರು, ಕೈ ಎತ್ತಿದರು. "ನಿಲ್ಸಿ ಸ್ವಲ್ಪ" ಅಂದರು. ನಾನು ಲ್ಯಾಪ್‌ಟಾಪ್ ಹತ್ತಿರ ಹೋಗಿ ನಿಲ್ಲಿಸಿದೆ.

"ಇಲ್ಲಿ ಸದ್ದು ಎಲ್ಲೋಯ್ತು?"

ನನಗೆ ಅರ್ಥ ಆಗಲಿಲ್ಲ. ಸದ್ದು ಬರುತ್ತಲೇ ಇತ್ತಲ್ಲ. ಕೊಳಲು, ಅದರ ಕೆಳಗೆ ಮೆಲ್ಲಗೆ ತಬಲಾ. ಆ ಹಿನ್ನೆಲೆ ಸಂಗೀತ ಹುಡುಕೋಕೆ ನಾವು ಎರಡು ರಾತ್ರಿ ಕೂತಿದ್ದೆವು.

"ಅದಲ್ಲ ಕಣವ್ವ. ಪಾಕ ತಗ್ದು ನೀರ್ಗೆ ಬಿಟ್ಟೆ. ಉಂಡೆ ಮಾಡ್ದೆ. ತಟ್ಟೆ ಅಂಚ್ಗೆ ಬಡ್ದೆ. ಟಣ್ ಅನ್ಬೇಕು. ಟಣ್ ಅಂದ್ರೆ ತಾನೆ ನಾನು ಕೊಪ್ಪರಿಗೆ ಇಳ್ಸೋದು? ಅದೇ ಕೇಳಿಸ್ಲಿಲ್ವಲ್ಲ. ನಾನ್ಯಾಕೆ ಇಳ್ಸು ಅಂದೆ ಅಂತ ನೋಡ್ದೋರ್ಗೆ ಹೆಂಗ್ ಗೊತ್ತಾಗ್ಬೇಕು?"

ಅಂಗಳದಲ್ಲಿ ಮೂವತ್ತು ಮೂವತ್ತೈದು ಜನ ಇದ್ದರು. ಯಾರೂ ನಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ಉತ್ತರಕ್ಕೆ ಕಾದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾವು ಮೂವರು. ಮೈಸೂರಿನ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆವು. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಒಂದು ಕಿರು ಸಾಕ್ಷ್ಯಚಿತ್ರ ಮಾಡಬೇಕಿತ್ತು. ವಿಷಯಕ್ಕೆ ಜಾಸ್ತಿ ಹುಡುಕಲಿಲ್ಲ. ನಮ್ಮ ಅಜ್ಜಿ ಊರು ಪಾಂಡವಪುರದ ಕಡೆ. ಚಿಕ್ಕವಳಿದ್ದಾಗ ರಜೆಗೆ ಹೋದರೆ ಸಂಜೆ ಹೊತ್ತು ಆಲೆಮನೆ ಮುಂದೆ ಲೋಟ ಹಿಡಿದು ನಿಲ್ಲುತ್ತಿದ್ದೆ. ಬಿಸಿ ಪಾಕದ ವಾಸನೆ ಆ ಊರಿನ ಗಾಳಿಯಲ್ಲೇ ಇರುತ್ತಿತ್ತು. ಕೃಷ್ಣರಾಜಸಾಗರ ಕಟ್ಟಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ಮಂಡ್ಯ ಅಂದರೆ ಕಬ್ಬು ಅಂತಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಬಂತು. ಆದರೂ ಆಲೆಮನೆಗಳು ನಿಲ್ಲಲಿಲ್ಲ. ಕಾರ್ಖಾನೆಗೆ ಕಬ್ಬು ಕೊಟ್ಟರೆ ದುಡ್ಡಿಗೆ ಕಾಯಬೇಕು, ಆಲೆಮನೆಯಲ್ಲಿ ಬೇಗ ಕೈಗೆ ಸಿಗುತ್ತೆ ಅಂತ ನಮ್ಮ ಮಾವ ಯಾವಾಗಲೂ ಹೇಳೋರು.

ಜನವರಿಯಲ್ಲಿ, ಸಂಕ್ರಾಂತಿಗೆ ಮುಂಚೆ ಹೋದೆವು. ಆಗ ಅಚ್ಚು ಬೆಲ್ಲಕ್ಕೆ ಬೇಡಿಕೆ ಇರುತ್ತೆ, ಒಲೆ ಆರೋದೇ ಇಲ್ಲ. ಆರು ದಿನ ಶೂಟ್ ಮಾಡಿದೆವು. ಗಾಣದ ಬಾಯಿಗೆ ಕಬ್ಬು ಕೊಡೋದು, ಕಬ್ಬಿನ ಹಾಲು ತೊಟ್ಟಿಗೆ ಇಳಿಯೋದು, ಒಣಗಿದ ಸಿಪ್ಪೆಯನ್ನೇ ಒಲೆಗೆ ತುಂಬೋದು, ಕೊಪ್ಪರಿಗೆಯ ಮೇಲೆ ಬರೋ ಮಡ್ಡಿ ತೆಗೆಯೋದು, ನೊರೆ ಉಕ್ಕಿದಾಗ ಎಣ್ಣೆ ಚಿಮುಕಿಸೋದು, ಅಚ್ಚಿನ ಹಲಗೆಗೆ ಸುರಿಯೋದು. ಒಂದು ಕೊಪ್ಪರಿಗೆ ಇಳಿಯೋಕೆ ಎರಡೂವರೆ ಮೂರು ಗಂಟೆ ಬೇಕು. 100 ಕೆಜಿ ಕಬ್ಬು ಅರೆದರೆ ಸಿಗೋದು ಸುಮಾರು 10 ಕೆಜಿ ಬೆಲ್ಲ. ಎಲ್ಲ ಸೇರಿ ಒಂಬತ್ತು ಗಂಟೆಯ ಫುಟೇಜ್ ಆಯಿತು. ಅದನ್ನು ಕತ್ತರಿಸಿ ಕತ್ತರಿಸಿ 22 ನಿಮಿಷಕ್ಕೆ ತಂದೆವು. ಮುಗಿಯಿತು ಅಂದುಕೊಂಡೆವು.

ಮೊದಲು ನೋಡಿದವರು ನಮ್ಮ ಕ್ಲಾಸಿನವರು. "ಹೇಗಿತ್ತು?" ಅಂತ ಕೇಳಿದೆವು. "ಸೂಪರ್ ಆಗಿದೆ" ಅಂದರು. "ಮ್ಯೂಸಿಕ್ ತುಂಬಾ ಚೆನ್ನಾಗಿದೆ", "ಡ್ರೋನ್ ಶಾಟ್ ಬೆಂಕಿ". ಅವರು ಸುಳ್ಳು ಹೇಳಲಿಲ್ಲ. ನಮ್ಮನ್ನು ಖುಷಿಪಡಿಸಬೇಕು ಅಂತ ಮನಸ್ಸಲ್ಲಿತ್ತು, ಖುಷಿಪಡಿಸಿದರು. ಮದುವೆ ಊಟ ಆದಮೇಲೆ ಬಾಗಿಲಲ್ಲಿ ನಿಂತು "ಊಟ ಹೇಗಿತ್ತು?" ಅಂದರೆ ಯಾರಾದರೂ ಸಾರಿಗೆ ಉಪ್ಪು ಜಾಸ್ತಿ ಅಂತಾರಾ? ಪ್ರಶ್ನೆ ಹಾಗಿದ್ದರೆ ಉತ್ತರವೂ ಹಾಗೇ ಇರುತ್ತೆ.

ನಮ್ಮ ಮೇಡಂ ಮಾತ್ರ ಏನೂ ಹೇಳಲಿಲ್ಲ. ಸಂಜೆ ಎಡಿಟಿಂಗ್ ರೂಮಿಗೆ ಬಂದು ಒಂದು ಕೆಲಸ ಕೊಟ್ಟರು. "ಆಲೆಮನೆ ಅಂದ್ರೆ ಏನು ಅಂತ ಗೊತ್ತಿಲ್ಲದೇ ಇರೋ ಎಂಟು ಜನನ್ನ ಕರ್ಕೊಂಡು ಬನ್ನಿ. ನಿಮ್ಮ ಫ್ರೆಂಡ್ಸ್ ಬೇಡ. ಅವರು ನೋಡೋವಾಗ ನೀವು ಪರದೆಗೆ ಬೆನ್ನು ಹಾಕಿ ಕೂತ್ಕೊಳ್ಳಿ. ನಿಮ್ಗೆ ಸಿನಿಮಾ ಬಾಯಿಪಾಠ ಆಗಿದೆ, ಅವರ ಮುಖ ನೋಡಿ. ಕೈಯಲ್ಲಿ ಗಡಿಯಾರ ಇಟ್ಕೊಳ್ಳಿ."

ಬಿಕಾಂ ಮೊದಲ ವರ್ಷದ ಎಂಟು ಹುಡುಗ ಹುಡುಗಿಯರು ಬಂದರು. ನಾನು ಪರದೆಯ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಅವರ ಕಡೆ ಮುಖ ಮಾಡಿ ಕೂತೆ. ನೋಟ್‌ಬುಕ್‌ನಲ್ಲಿ ಮೂರು ಗೆರೆ ಎಳೆದಿದ್ದೆ. ಎಷ್ಟನೇ ನಿಮಿಷ, ಪರದೆಯಲ್ಲಿ ಏನಿದೆ, ಇವರು ಏನು ಮಾಡುತ್ತಿದ್ದಾರೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. 1:40, ಕಬ್ಬಿನ ಗದ್ದೆಯ ಡ್ರೋನ್ ಶಾಟ್: ಇಬ್ಬರು ಫೋನ್ ತೆಗೆದರು. 2:15, ಇನ್ನೂ ಡ್ರೋನ್: ಮತ್ತೊಬ್ಬ ತೆಗೆದ. 3:05, ಪಾಕದವರ ಕೈ, ಗುಳ್ಳೆ ಒಡೆಯೋದು: ಎಲ್ಲ ಫೋನ್ ಕೆಳಗೆ. 6:30, ಕಾರ್ಖಾನೆಯ ಇತಿಹಾಸ, ವಾಯ್ಸ್ ಓವರ್: ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. 14:20, ಬಿಳಿ ಪುಡಿ: ಎಂಟೂ ಜನ ಮುಂದಕ್ಕೆ ಬಾಗಿದರು.

ಆ 14:20ರ ಮುಂದೆ ನಾನು ದೊಡ್ಡದಾಗಿ ಟಿಕ್ ಹಾಕಿದ್ದೆ. ಇದು ಗೆದ್ದ ಜಾಗ ಅಂತ ಅಂದುಕೊಂಡಿದ್ದೆ.

ಸಿನಿಮಾ ಮುಗಿದ ಮೇಲೆ ಮೇಡಂ ಹೇಳಿದ ಹಾಗೆ "ಹೇಗಿತ್ತು" ಅಂತ ಕೇಳಲಿಲ್ಲ. ಒಂದೊಂದು ಖಾಲಿ ಹಾಳೆ ಕೊಟ್ಟೆವು. "ಇವತ್ತು ಮನೆಗೆ ಹೋಗಿ ಅಮ್ಮನಿಗೆ ಈ ಸಿನಿಮಾ ಬಗ್ಗೆ ಹೇಳೋದಾದರೆ ಏನು ಹೇಳ್ತೀರಿ? ಎರಡು ಸಾಲು ಬರೀರಿ." ಅಷ್ಟೇ. ಹೆಸರು ಬರೆಯೋದು ಬೇಡ ಅಂದೆವು.

ಎಂಟರಲ್ಲಿ ಆರು ಹಾಳೆಯಲ್ಲಿ ಹೆಚ್ಚು ಕಡಿಮೆ ಒಂದೇ ಮಾತು ಇತ್ತು. ಬೆಲ್ಲಕ್ಕೆ ಕೆಮಿಕಲ್ ಹಾಕ್ತಾರೆ, ತಿನ್ನಬೇಡಿ.

ಆ ಆರು ಹಾಳೆ ಹಿಡಿದುಕೊಂಡು ಮೂವರೂ ಸುಮ್ನೆ ಕೂತುಬಿಟ್ಟೆವು. ನಾವು ಮಾಡಬೇಕು ಅಂದುಕೊಂಡಿದ್ದು ಒಂದು ಕಸುಬಿನ ಬಗ್ಗೆ. ಉರಿ, ಬೆವರು, ಕಣ್ಣಳತೆಯ ಬಗ್ಗೆ. ಮೂವತ್ತು ವರ್ಷ ಕೊಪ್ಪರಿಗೆ ಮುಂದೆ ನಿಂತ ಒಬ್ಬ ಮನುಷ್ಯನಿಗೆ ಗೊತ್ತಿರೋದು ಏನು ಅನ್ನೋದರ ಬಗ್ಗೆ. 22 ನಿಮಿಷದಲ್ಲಿ ಪುಡಿ ಇರೋದು ನಲವತ್ತು ಸೆಕೆಂಡ್. ಆ ನಲವತ್ತು ಸೆಕೆಂಡ್ ಉಳಿದದ್ದನ್ನೆಲ್ಲ ನುಂಗಿಬಿಟ್ಟಿತ್ತು.

ಪುಡಿ ಅಂದರೆ ಹೈಡ್ರೋಸ್. ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕೋ ಕಡೆಯೂ ಬಳಸುತ್ತಾರೆ. ಕುದಿಯೋ ಹಾಲಿಗೆ ಹಾಕಿದರೆ ಕಂದು ಬಣ್ಣ ಹೋಗಿ ಬೆಲ್ಲ ಹಳದಿಯಾಗಿ, ನೋಡೋಕೆ ಲಕ್ಷಣವಾಗಿ ಬರುತ್ತೆ. ಅದನ್ನು ಹಾಕೋದನ್ನು ನಾವು ಕಂಡೆವು, ಚಿತ್ರೀಕರಿಸಿದೆವು. ಆಮೇಲೆ ಎಡಿಟಿಂಗ್‌ನಲ್ಲಿ ಅದರ ಕೆಳಗೆ ಒಂದು ಭಾರವಾದ ಸ್ವರ ಇಟ್ಟೆವು. ಚಿತ್ರವನ್ನು ಸ್ವಲ್ಪ ನಿಧಾನ ಮಾಡಿದೆವು. ಪುಡಿ ಬೀಳುವಾಗ ಮುಖ ತೋರಿಸದೆ ಬರೀ ಕೈ ತೋರಿಸಿದೆವು. ಈ ಮೂರೂ ಸೇರಿದರೆ ನೋಡೋರಿಗೆ ಏನನ್ನಿಸುತ್ತೆ? ಇಲ್ಲೊಬ್ಬ ಕಳ್ಳ ಇದ್ದಾನೆ ಅಂತ. ಅದನ್ನು ನಾವು ಬಾಯಿಬಿಟ್ಟು ಹೇಳಲಿಲ್ಲ. ಎಡಿಟ್ ಹೇಳಿತ್ತು. ಅವರು ಮುಂದಕ್ಕೆ ಬಾಗಿದ್ದಕ್ಕೆ ನಾನು ಟಿಕ್ ಹಾಕಿದ್ದೆ. ಜನ ಯಾವುದಕ್ಕೆ ಬಾಗುತ್ತಾರೆ ಅನ್ನೋದು ಬೇರೆ, ಏನನ್ನು ಮನೆಗೆ ತಗೊಂಡು ಹೋಗುತ್ತಾರೆ ಅನ್ನೋದು ಬೇರೆ. ಆ ಖಾಲಿ ಹಾಳೆ ಕೊಡದೇ ಇದ್ದಿದ್ದರೆ ನನಗೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ನಮ್ಮಲ್ಲಿ ಒಬ್ಬ ಆ ಭಾಗವನ್ನೇ ತೆಗೆದುಬಿಡೋಣ ಅಂದ. ನಾನು ಬೇಡ ಅಂದೆ. ಇರೋದನ್ನು ಇಲ್ಲ ಅನ್ನೋದು ಹೇಗೆ? ಜಗಳ ಬಗೆಹರಿಯಲಿಲ್ಲ. ಕೊನೆಗೆ ಇದನ್ನು ಆಲೆಮನೆಗೇ ತಗೊಂಡು ಹೋಗಿ ತೋರಿಸೋಣ ಅಂತ ಒಪ್ಪಿಕೊಂಡೆವು. ನಿಜ ಹೇಳಬೇಕು ಅಂದರೆ, ಸಿನಿಮಾ ಪೂರ್ತಿ ಮುಗಿದ ಮೇಲೆ, ಕೊಟ್ಟ ಮಾತಿಗೆ, ಒಂದು ಸಲ ತೋರಿಸೋಣ ಅಂತ ಮೊದಲು ಇದ್ದದ್ದು. ತಿದ್ದೋಕೆ ಮುಂಚೆ ತೋರಿಸಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ.

ಹಾಗೆ ಮಾರ್ಚ್‌ನ ಒಂದು ಶನಿವಾರ ಸಂಜೆ ಪ್ರೊಜೆಕ್ಟರ್ ಹೊತ್ತುಕೊಂಡು ಹೋದೆವು. ಅಜ್ಜಿ ಮನೆಯ ಬೆಡ್‌ಶೀಟ್. ನಾಲ್ಕು ಮೂಲೆಗೆ ನಾಲ್ಕು ಮೊಳೆ. ಕೆಲಸದವರು, ಮಾಲೀಕರ ಮನೆಯವರು, ಅಕ್ಕಪಕ್ಕದವರು, ಮಕ್ಕಳು ಎಲ್ಲ ಬಂದರು. ಬೆಳಕಿಗೆ ಹುಳ ಮುತ್ತಿಕೊಂಡು ಪರದೆ ಮೇಲೆಲ್ಲ ಸಣ್ಣ ನೆರಳು ಓಡಾಡುತ್ತಿತ್ತು.

ಕ್ಲಾಸ್‌ರೂಮಿಗೂ ಆ ಅಂಗಳಕ್ಕೂ ಹೋಲಿಕೆಯೇ ಇಲ್ಲ. ಮಂಡ್ಯ ಸೀಮೆಯ ಊರುಗಳಲ್ಲಿ ಪೌರಾಣಿಕ ನಾಟಕ ನೋಡಿದವರಿಗೆ ಗೊತ್ತಿರುತ್ತೆ. ಅಲ್ಲಿ ನೋಡೋರು ಸುಮ್ಮನೆ ಕೂರೋರಲ್ಲ. ಹಾಡು ಹಿಡಿಸಿದರೆ "ಒನ್ಸ್ ಮೋರ್" ಅಂತ ಕೂಗಿ ಮತ್ತೆ ಹಾಡಿಸುತ್ತಾರೆ. ಹಿಡಿಸದಿದ್ದರೆ ಅದನ್ನೂ ಮುಖದ ಮೇಲೆ ಹೇಳುತ್ತಾರೆ. ನಮ್ಮ ಸಿನಿಮಾಕ್ಕೂ ಹಾಗೇ ಆಯಿತು. ಗಾಣಕ್ಕೆ ಕಬ್ಬು ಕೊಡೋ ಹೆಂಗಸು ಪರದೆಯಲ್ಲಿ ಬಂದಾಗ ಮಕ್ಕಳು ಹೋ ಅಂದವು. ಡ್ರೋನ್ ಶಾಟ್ ಬಂದಾಗ ನಾನು ಉಸಿರು ಹಿಡಿದೆ. ಇಲ್ಲಿ ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ. "ಅಗೋ ನಮ್ಮ ಗದ್ದೆ", "ಅದು ದೊಡ್ಡಪ್ಪಂದು" ಅಂತ ಬೆರಳು ತೋರಿಸುತ್ತಾ ಇದ್ದರು. ಒಂದೇ ಶಾಟ್, ಮೈಸೂರಲ್ಲಿ ಫೋನ್ ತೆಗೆಸಿತ್ತು, ಇಲ್ಲಿ ಎಲ್ಲರನ್ನೂ ಎದ್ದು ಕೂರಿಸಿತು. ಯಾರ ಮಾತು ಕೇಳೋದು ಅಂತ ಆವಾಗಲೇ ನನಗೆ ಮೊದಲ ಸಲ ತಲೆಕೆಟ್ಟಿದ್ದು.

ಆಮೇಲೆ ಹನ್ನೊಂದನೇ ನಿಮಿಷ ಬಂತು. "ಸದ್ದು ಎಲ್ಲೋಯ್ತು?"

ಅಲ್ಲಿ ನಾವು ಒಂದು ವಾಯ್ಸ್ ಓವರ್ ಕೂಡ ಹಾಕಿದ್ದೆವು. ಪುಸ್ತಕದಲ್ಲಿ ಓದಿದ್ದು. ಪಾಕ 118 ಡಿಗ್ರಿ ಆಸುಪಾಸಿಗೆ ಬಂದಾಗ ಇಳಿಸುತ್ತಾರೆ ಅಂತ. ತಪ್ಪಲ್ಲ, ಅದು ಸರಿಯಾದ ಮಾಹಿತಿಯೇ. ಆದರೆ ಆ ಆಲೆಮನೆಯಲ್ಲಿ ಥರ್ಮಾಮೀಟರ್ ಇಲ್ಲ. ಅಲ್ಲಿ ಇರೋದು ಒಂದು ಹಿತ್ತಾಳೆ ತಟ್ಟೆ, ಅದರಲ್ಲಿ ತಣ್ಣೀರು, ಮತ್ತೆ ಈ ಮನುಷ್ಯನ ಕಿವಿ. ನಮ್ಮ ಮನೆಯಲ್ಲಿ ಅಂಟಿನ ಉಂಡೆ ಮಾಡೋವಾಗ ಅಮ್ಮನೂ ಹೀಗೇ ನೋಡುತ್ತಾಳೆ. ಒಂದು ತೊಟ್ಟು ಪಾಕ ನೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ, ತಟ್ಟೆಗೆ ಹಾಕಿ ಸದ್ದು ಕೇಳುತ್ತಾಳೆ. ಹುಟ್ಟಿದಾಗಿಂದ ನೋಡಿದ್ದೇನೆ. ಆದರೂ ಶೂಟ್ ಮಾಡುವಾಗ ಆ ಸದ್ದಿನ ಹತ್ತಿರ ಮೈಕ್ ಇಡಬೇಕು ಅಂತ ನನಗೆ ತೋಚಲಿಲ್ಲ. ಕಣ್ಣಿಗೆ ಚಂದ ಕಂಡದ್ದನ್ನು ಹಿಡಿದುಕೊಂಡೆ, ಅದರ ಮೇಲೆ ಕೊಳಲು ಹೊದಿಸಿದೆ. ಆ ಮನುಷ್ಯನ ವಿದ್ಯೆ ಎಲ್ಲಾ ಆ ಒಂದು ಸದ್ದಿನಲ್ಲಿತ್ತು. ಅದನ್ನೇ ಮುಚ್ಚಿಬಿಟ್ಟಿದ್ದೆ.

ಎರಡು ವಾರ ಆದಮೇಲೆ ಲೈಬ್ರರಿಯಲ್ಲಿ ಒಂದು ವಿಷಯ ಓದಿದೆ. ಓದಿ ಕಣ್ಣಲ್ಲಿ ನೀರು ಬಂತು. ಝಾನ್ ರೂಶ್ ಅಂತ ಫ್ರಾನ್ಸಿನ ಒಬ್ಬ ಸಾಕ್ಷ್ಯಚಿತ್ರ ನಿರ್ದೇಶಕ ಇದ್ದ. ಆಫ್ರಿಕಾದ ನೈಜರ್ ನದಿಯಲ್ಲಿ ಸೋರ್ಕೋ ಜನ ನೀರಾನೆ ಬೇಟೆ ಆಡೋದನ್ನು ಚಿತ್ರೀಕರಿಸಿದ್ದ. 1950ರ ದಶಕದಲ್ಲಿ ಆ ಸಿನಿಮಾವನ್ನು ಅಯೋರು ಅನ್ನೋ ಊರಿಗೆ ತಗೊಂಡು ಹೋಗಿ ಅದೇ ಬೇಟೆಗಾರರಿಗೆ ತೋರಿಸಿದ. ಬೇಟೆಯ ದೃಶ್ಯಕ್ಕೆ ಅವನು ಹಿನ್ನೆಲೆ ಸಂಗೀತ ಹಾಕಿದ್ದ. ಅದೂ ಅವರದ್ದೇ ಬೇಟೆಯ ಹಾಡಿನ ಧಾಟಿ. ಅವರು ನೋಡಿ ತಕರಾರು ತೆಗೆದರು. ಬೇಟೆ ಆಡೋವಾಗ ಒಂದು ಚೂರೂ ಸದ್ದು ಇರಬಾರದು, ನೀರಾನೆಗೆ ಕಿವಿ ಚುರುಕು, ಈ ಸಂಗೀತ ಕೇಳಿದರೆ ಓಡಿಹೋಗುತ್ತೆ ಅಂದರು. ರೂಶ್ ಆ ಸಂಗೀತ ತೆಗೆದುಹಾಕಿದ. ಮುಂದೆ ಅವನು ಕೆಲಸ ಮಾಡೋ ರೀತಿಯೇ ಬದಲಾಯಿತು. ಸಿನಿಮಾವನ್ನು ಅದರಲ್ಲಿರೋರಿಗೆ ಮೊದಲು ತೋರಿಸೋದು, ಅವರ ಮಾತಿನಿಂದ ಮುಂದಿನ ಸಿನಿಮಾ ಹುಟ್ಟೋದು ಅವನಿಗೆ ರೂಢಿಯಾಯಿತು. ಅಲ್ಲಿಯ ಕೆಲವರು ವರ್ಷಗಟ್ಟಲೆ ಅವನ ಜೊತೆಗಾರರಾಗಿ ಸಿನಿಮಾ ಮಾಡಿದರು.

ಅವರಿಗೆ ಮೌನ ಬೇಕಿತ್ತು, ನಮ್ಮ ಪಾಕದವರಿಗೆ ಟಣ್ ಬೇಕಿತ್ತು. ನೈಜರ್ ಎಲ್ಲಿ, ಪಾಂಡವಪುರ ಎಲ್ಲಿ. ಆದರೂ ಎರಡೂ ಕಡೆ ಅಡ್ಡ ಬಂದದ್ದು ಹಿನ್ನೆಲೆ ಸಂಗೀತವೇ.

ತೋರಿಸೋ ರೂಢಿ ಇನ್ನೂ ಹಳೆಯದು. 1920ರ ಸುಮಾರಿಗೆ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಕೆನಡಾದ ಹಿಮದ ಸೀಮೆಯಲ್ಲಿ ಇನ್ಯೂಟ್ ಜನರ ಜೊತೆ ಶೂಟ್ ಮಾಡುವಾಗ ಅಲ್ಲೇ ಫಿಲ್ಮ್ ತೊಳೆದು ಅವರಿಗೇ ತೋರಿಸುತ್ತಿದ್ದ. ಆದರೆ ಅವನೇ ಎಷ್ಟೋ ದೃಶ್ಯಗಳನ್ನು ಹೇಳಿ ಮಾಡಿಸಿದ್ದ. ತೋರಿಸಿದ ಮಾತ್ರಕ್ಕೆ ಸಿನಿಮಾ ಪ್ರಾಮಾಣಿಕ ಆಗಿಬಿಡಲ್ಲ. ನನಗೆ ಅವನಿಗಿಂತ ಹತ್ತಿರ ಅನಿಸೋದು 1967ರಲ್ಲಿ ಕೆನಡಾದ ಫೋಗೋ ದ್ವೀಪದಲ್ಲಿ ನಡೆದ ಕೆಲಸ. ಅಲ್ಲಿ ನಿರ್ದೇಶಕ ಕಾಲಿನ್ ಲೋ ಮತ್ತು ಅವನ ತಂಡ ಮೀನುಗಾರರ ಜೊತೆ 20ಕ್ಕೂ ಹೆಚ್ಚು ಕಿರುಚಿತ್ರ ಮಾಡಿದರು. ಚಿತ್ರದಲ್ಲಿರೋರು ನೋಡಿ ಒಪ್ಪಿದ ಮೇಲೇ ಹೊರಗಿನವರಿಗೆ ತೋರಿಸುತ್ತಿದ್ದರು.

ಮತ್ತೆ ಅಂಗಳಕ್ಕೆ ಬರುತ್ತೇನೆ. ಆ ರಾತ್ರಿ ಇನ್ನೂ ಎರಡು ನಡೆದವು.

ಆಲೆಮನೆಯಲ್ಲಿ ಉತ್ತರ ಪ್ರದೇಶದಿಂದ ಬಂದ ನಾಲ್ಕು ಜನ ಕೆಲಸಕ್ಕಿದ್ದರು. ಮಂಡ್ಯದ ಎಷ್ಟೋ ಆಲೆಮನೆಗಳಲ್ಲಿ ಈಗ ಹಾಗೇ. ಅವರಲ್ಲಿ ಒಬ್ಬ ಹುಡುಗ ಹಿಂದಿಯಲ್ಲಿ ಮಾತಾಡಿದ್ದು ನಮ್ಮ ಸಿನಿಮಾದಲ್ಲಿತ್ತು. ನಾವು ಕೆಳಗೆ ಕನ್ನಡದಲ್ಲಿ ಸಬ್‌ಟೈಟಲ್ ಕೊಟ್ಟಿದ್ದೆವು. ಅಂಗಳದಲ್ಲಿ ಒಬ್ಬಳು ಪುಟ್ಟ ಹುಡುಗಿ, ನಾಲ್ಕನೇ ಕ್ಲಾಸ್ ಇರಬೇಕು, ಪಕ್ಕದಲ್ಲಿದ್ದ ಅಜ್ಜಿಗೋಸ್ಕರ ಸಬ್‌ಟೈಟಲ್ ಗಟ್ಟಿಯಾಗಿ ಓದುತ್ತಿದ್ದಳು. ಅಕ್ಷರ ಕೂಡಿಸಿ ಕೂಡಿಸಿ. "ನಾವು, ಇಲ್ಲಿ, ಚೆನ್ನಾಗಿ, ಇದ್ದೀವಿ." ಆ ಹುಡುಗ ಮೂರು ವರ್ಷದಿಂದ ಬಂದು ಹೋಗುತ್ತಿದ್ದವನು. ಕನ್ನಡ ಓದೋಕೆ ಬರಲ್ಲ, ಕೇಳಿದರೆ ತಿಳಿಯುತ್ತೆ. ಅವನು ಹಿಂದಿನಿಂದ ಮೆತ್ತಗೆ ಹೇಳಿದ. "ಹಂಗೆ ಹೇಳಿಲ್ಲ ಅಕ್ಕಾ."

ಅವನು ಹೇಳಿದ್ದು "ಗುಜಾರಾ ಹೋ ಜಾತಾ ಹೈ". ಹೇಗೋ ದಿನ ಹೋಗುತ್ತೆ, ಹೊಟ್ಟೆ ತುಂಬುತ್ತೆ ಅಂತ. ಅದು ಚೆನ್ನಾಗಿದ್ದೀವಿ ಅಲ್ಲ. ನಮ್ಮ ಮೂವರಿಗೂ ಹಿಂದಿ ಬರುತ್ತೆ. ಬರೆಯುವಾಗ ಆತುರ ಇತ್ತು, ಸಾಲು ಚಿಕ್ಕದಾಗಿರಬೇಕಿತ್ತು, ಅವನು ನಗುತ್ತಾ ಹೇಳಿದ್ದ. ಅಷ್ಟಕ್ಕೇ ಅವನ ಬದುಕನ್ನು ಚೆನ್ನಾಗಿ ಮಾಡಿಬಿಟ್ಟೆವು. ಆ ಹುಡುಗಿ ಗಟ್ಟಿಯಾಗಿ ಓದದೇ ಇದ್ದಿದ್ದರೆ ಅವನ ಬಾಯಿಗೆ ನಾವು ಹಾಕಿದ ಮಾತು ಅವನಿಗೇ ಗೊತ್ತಾಗದೆ ಊರೂರು ಸುತ್ತುತ್ತಿತ್ತು. ಅವತ್ತಿಂದ ನಾನು ಸಬ್‌ಟೈಟಲ್ ಹಾಕಿದ ಪ್ರತಿಯೊಂದನ್ನೂ, ಮಾತಾಡಿದವರಿಗೆ ಫೋನಿನಲ್ಲಾದರೂ ಸರಿ, ಓದಿ ಹೇಳುತ್ತೇನೆ.

ಇನ್ನೊಂದು, ಪುಡಿ. 14:20 ಬಂದಾಗ ಅಂಗಳ ಪೂರ್ತಿ ಸುಮ್ಮನಾಯಿತು. ಮಾಲೀಕರು ಏನೂ ಅನ್ನಲಿಲ್ಲ. ಸಿನಿಮಾ ಮುಗಿದ ಮೇಲೂ ಅನ್ನಲಿಲ್ಲ. ಕಾಫಿ ಕೊಟ್ಟರು, ಪ್ರೊಜೆಕ್ಟರ್ ಕಟ್ಟೋಕೆ ಕೈ ಹಾಕಿದರು. ಅಷ್ಟು ಮರ್ಯಾದೆ ನನಗೆ ತುಂಬಾ ಕಷ್ಟ ಆಯಿತು. ಬೆಳಿಗ್ಗೆ ನಾವು ಹೊರಡೋ ಹೊತ್ತಿಗೆ ಎರಡು ಅಚ್ಚು ತಂದು ಜಗಲಿ ಮೇಲೆ ಇಟ್ಟರು. ಒಂದು ಹಳದಿ, ಒಂದು ಕಪ್ಪಗೆ, ಹುಣಸೆಹಣ್ಣಿನ ಬಣ್ಣ.

"ಕಪ್ಗಿರೋದು ನಮ್ಮನೇಲಿ ತಿನ್ನೋದು. ಸುಣ್ಣ, ಬೆಂಡೆಕಾಯ್ ಲೋಳೆ ಬಿಟ್ರೆ ಏನೂ ಹಾಕಿಲ್ಲ. ಇದ್ನ ಮಂಡ್ಯ ಮಾರ್ಕೆಟ್ಗೆ ತಗೊಂಡೋಗಿ ನಿಂತ್ಕೊಳಿ ಒಂದಿನ. ಆಮೇಲೆ ಬಂದು ನನ್ ಕೈ ತೋರ್ಸಿ. ನೀವು ಹಾಕೋದ್ನ ತೋರ್ಸಿದ್ರಿ, ಅದ್ಕೆ ಬೇಜಾರಿಲ್ಲ. ಯಾಕ್ ಹಾಕ್ತೀಯ ಅಂತ ಒಂದ್ ಮಾತು ಕೇಳ್ಲಿಲ್ಲ."

ನಿಜ. ಕೇಳಿರಲಿಲ್ಲ. ಆರು ದಿನ ಅವರ ಮನೆಯಲ್ಲಿ ಊಟ ಮಾಡಿದ್ದೆವು, ಕೇಳಿರಲಿಲ್ಲ. ಕೇಳಿದರೆ ಶೂಟ್ ಮಾಡೋಕೆ ಬಿಡಲ್ಲವೇನೋ ಅಂತ ಭಯ ಇತ್ತು. ಎಂಟು ವಿದ್ಯಾರ್ಥಿಗಳ ಹಾಳೆಯಲ್ಲಿ ಇದ್ದದ್ದೂ, ಇವರು ಹೇಳಿದ್ದೂ ಒಂದೇ ಗಾಯವನ್ನು ಎರಡು ಕಡೆಯಿಂದ ಮುಟ್ಟಿದ ಹಾಗಿತ್ತು. ಅವರು ಎಲ್ಲಿ ದಾರಿ ತಪ್ಪಿದರು ಅಂತ ಹಾಳೆ ತೋರಿಸಿತು. ದಾರಿ ತಪ್ಪಿಸಿದ್ದು ಯಾರು ಅಂತ ಈ ಎರಡು ಅಚ್ಚು ತೋರಿಸಿದವು.

ಮುಂದಿನ ವಾರ ಮಂಡ್ಯದ ಎಪಿಎಂಸಿಗೆ ಹೋದೆವು, ಕಪ್ಪು ಬೆಲ್ಲದ ಮೂಟೆಯ ಜೊತೆಯಲ್ಲೇ. ಕೊಳ್ಳೋರು ಮೂಟೆಯ ಬಾಯಿ ಬಿಚ್ಚುತ್ತಾರೆ. ಒಂದು ಅಚ್ಚು ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಒಂದು ತುಣುಕು ಮುರಿದು ಒಳಗಿನ ಬಣ್ಣ ನೋಡುತ್ತಾರೆ. ಬಾಯಿಗೆ ಹಾಕಿಕೊಂಡವರನ್ನು ನಾನು ಅವತ್ತು ಜಾಸ್ತಿ ಕಾಣಲಿಲ್ಲ. ಕಪ್ಪು ಬೆಲ್ಲ ನೋಡಿದವರು ಮಾತಾಡದೆ ಮುಂದಿನ ಮೂಟೆಗೆ ಹೋಗುತ್ತಿದ್ದರು. ಕೊನೆಗೆ ಒಬ್ಬರು ಹೇಳಿದ ಬೆಲೆ ಹಳದಿಗಿಂತ ಕ್ವಿಂಟಲ್‌ಗೆ ನೂರಾರು ರೂಪಾಯಿ ಕಡಿಮೆ. "ಅಂಗಡೀಲಿ ಯಾರೂ ತಗೊಳಲ್ಲ ಮೇಡಂ, ಹಳೇದು ಅಂತಾರೆ" ಅಂದರು. ಅವರೂ ಕೆಟ್ಟವರಲ್ಲ. ಅವರ ಹಿಂದೆ ಅಂಗಡಿಯವನು, ಅಂಗಡಿಯವನ ಮುಂದೆ ಹಳದಿ ಬೆಲ್ಲವೇ ಬೇಕು ಅನ್ನೋ ನಾವು. ನಮ್ಮ ಅಮ್ಮನೂ ಹಳದಿಯದೇ ಆರಿಸಿ ತರೋದು. ಹೈಡ್ರೋಸ್ ಕೊಟ್ಟ ಆ ಬಣ್ಣ ಮನೆಯ ಡಬ್ಬಿಯಲ್ಲಿ ಕೆಲವು ವಾರ ಇದ್ದರೆ ಮತ್ತೆ ಕಂದಾಗುತ್ತಾ ಹೋಗುತ್ತೆ. ಅದು ಮಾರ್ಕೆಟ್ ದಾಟಿದರೆ ಸಾಕು ಅಂತ ಹಾಕೋ ಬಣ್ಣ.

ಆಮೇಲೆ ಎಡಿಟಿಂಗ್‌ಗೆ ಕೂತೆವು. ಪುಡಿಯ ದೃಶ್ಯ ಉಳಿಯಿತು. ಅದರ ಮುಂಚೆ ಮಾರ್ಕೆಟ್ ಬಂತು. ಬೆಳಕಿಗೆ ಹಿಡಿದ ಹಳದಿ ಅಚ್ಚಿನಿಂದ ನೇರವಾಗಿ ಪುಡಿ ಬೀಳೋ ಕೈಗೆ ಕಟ್ ಮಾಡಿದೆವು. ಭಾರವಾದ ಸ್ವರ ತೆಗೆದೆವು. ನಿಧಾನ ಮಾಡಿದ್ದನ್ನು ಮಾಮೂಲಿ ವೇಗಕ್ಕೆ ತಂದೆವು. ಮುಖ ತೋರಿಸಿದೆವು, ಮಾಲೀಕರು ಒಪ್ಪಿದ ಮೇಲೆ. ಡ್ರೋನ್ ಶಾಟ್ ಒಂದು ನಿಮಿಷದಿಂದ ಎಂಟು ಸೆಕೆಂಡ್‌ಗೆ ಇಳಿಯಿತು. ಊರಿನವರಿಗೆ ಅದರ ಪೂರ್ತಿ ಶಾಟ್ ಬೇರೆ ಫೈಲ್ ಮಾಡಿ ಕೊಟ್ಟೆವು. ಅದು ಈಗಲೂ ಅವರ ಫೋನುಗಳಲ್ಲಿ ಓಡಾಡುತ್ತಿದೆ. ಕಾರ್ಖಾನೆಯ ಇತಿಹಾಸ ಎರಡು ಸಾಲು ಆಯಿತು. 118 ಡಿಗ್ರಿ ಹೋಯಿತು.

ಬಂದ ಮಾತನ್ನೆಲ್ಲ ಕೇಳಿದೆವು ಅಂತಲ್ಲ. ಊರಿನ ಒಬ್ಬ ಹಿರಿಯರು ದೇವಸ್ಥಾನ ತೋರಿಸಿ ಶುರು ಮಾಡಿ ಅಂದರು. ಇನ್ನೊಬ್ಬರು ತಮ್ಮ ಅಣ್ಣ ಪಂಚಾಯ್ತಿಯಲ್ಲಿದ್ದಾರೆ, ಅವರ ಒಂದು ಮಾತು ಹಾಕಿ ಅಂದರು. ಕ್ಲಾಸಿನವನೊಬ್ಬ ಪಾಕದವರ ಮೊಣಕೈಯ ಸುಟ್ಟ ಕಲೆ ನೋಡೋಕೆ ಕಷ್ಟ, ತೆಗೀರಿ ಅಂದ. ಅದನ್ನು ಪಾಕದವರನ್ನೇ ಕೇಳಿದೆ. "ಇರ್ಲಿ ಬಿಡವ್ವ, ಅದು ನಂದೇ ತಾನೆ" ಅಂದರು. ಇಟ್ಟೆವು. ನೋಡೋರು "ಹೀಗೆ ಮಾಡಿ" ಅಂತ ಕೊಡೋ ಸಲಹೆ ಹತ್ತರಲ್ಲಿ ಒಂದೋ ಎರಡೋ ಕೆಲಸಕ್ಕೆ ಬಂದಿರಬಹುದು. ಆದರೆ ಅವರಿಗೆ ಎಲ್ಲಿ ಗೊಂದಲ ಆಯಿತು, ಎಲ್ಲಿ ಬೇಜಾರಾಯಿತು ಅನ್ನೋದರಲ್ಲಿ ಒಬ್ಬರೂ ತಪ್ಪಿರಲಿಲ್ಲ. ಎಂಟು ಜನ ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಕಲ್ಲಿದೆ. ಆ ಕಲ್ಲನ್ನು ಹೇಗೆ ಎತ್ತೋದು ಅಂತ ಯೋಚಿಸೋದು ಮಾಡಿದವರ ಕೆಲಸ, ಅಲ್ವಾ? ಮತ್ತೆ ಒಂದು ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಸಿನಿಮಾದ ಒಳಗಿರೋರ ಮಾತಿಗೂ ಹೊರಗಿರೋರ ಮಾತಿಗೂ ಒಂದೇ ತೂಕ ಅಲ್ಲ. ನಮಗೆ ಅದು ಪ್ರಾಜೆಕ್ಟ್, ಅಂಕ ಬರುತ್ತೆ, ಮುಗಿಯುತ್ತೆ. ಅವರು ಅದೇ ಊರಿನಲ್ಲಿ, ಅದೇ ಮಾರ್ಕೆಟ್‌ನಲ್ಲಿ, ಆ ಸಿನಿಮಾದ ಜೊತೆ ಬದುಕಬೇಕು.

ಟಣ್ ಮಾತ್ರ ನಮ್ಮ ಹತ್ತಿರ ಇರಲಿಲ್ಲ. ಕ್ಯಾಮೆರಾದ ಮೈಕ್‌ನಲ್ಲಿ ಗಾಣದ ಮೋಟಾರ್ ಸದ್ದಿನ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು. ಗೆಳೆಯ ಒಬ್ಬ, ಮನೆಯಲ್ಲೇ ಒಂದು ತಟ್ಟೆ ಬಡಿದು ರೆಕಾರ್ಡ್ ಮಾಡಿ ಸೇರಿಸು, ಯಾರಿಗೆ ಗೊತ್ತಾಗುತ್ತೆ ಅಂದ. ಪಾಕದವರಿಗೆ ಗೊತ್ತಾಗುತ್ತೆ. ಅದಕ್ಕೇ ಮತ್ತೆ ಹೋದೆವು. ಮೋಟಾರ್ ನಿಂತ ಹೊತ್ತು ನೋಡಿ, ತಟ್ಟೆಯ ಅಂಚಿನಿಂದ ಒಂದು ಗೇಣು ದೂರ ಮೈಕ್ ಹಿಡಿದು ಕೂತೆ. ಪಾಕ ತಗೊಂಡರು, ನೀರಿಗೆ ಬಿಟ್ಟರು. ಮೊದಲ ಸಲ ಉಂಡೆ ಬೆರಳಿಗೆ ಅಂಟಿತು. ಎರಡನೇ ಸಲ ಬಡಿದಾಗ ಮೊದ್ದಾಗಿ ಟಪ್ ಅಂತು. ಅವರು ತಲೆ ಅಲ್ಲಾಡಿಸಿದರು. ಮೂರನೇ ಸಲ ಟಣ್ ಅಂದಿತು, "ಇಳ್ಸ್ರೋ" ಅಂದರು. ಹೆಡ್‌ಫೋನ್‌ನಲ್ಲಿ ಆ ಸದ್ದು ಕೇಳಿ ನನಗೆ ಮೈ ಜುಮ್ ಅಂತು. ಬರೀ ಸದ್ದು ತಗೊಂಡು ಹಳೇ ಚಿತ್ರಕ್ಕೆ ಅಂಟಿಸಲಿಲ್ಲ. ಆ ಮೂರೂ ಸಲದ ಪರೀಕ್ಷೆಯನ್ನು ಚಿತ್ರದ ಸಮೇತ ಹಾಗೇ ಇಟ್ಟೆವು. ಐವತ್ತು ಸೆಕೆಂಡ್. ಸಂಗೀತ ಇಲ್ಲ, ಮಾತಿಲ್ಲ.

ಬೇರೆ ಎಂಟು ವಿದ್ಯಾರ್ಥಿಗಳಿಗೆ ತೋರಿಸಿದಾಗ ಆ ಐವತ್ತು ಸೆಕೆಂಡ್‌ನಲ್ಲಿ ಒಂದು ಫೋನ್ ಕೂಡ ಹೊರಗೆ ಬರಲಿಲ್ಲ. ಹಾಳೆಗಳಲ್ಲಿ ಐದು ಜನ ಬಣ್ಣದ ಬಗ್ಗೆ, ಮಾರ್ಕೆಟ್ ಬಗ್ಗೆ ಬರೆದಿದ್ದರು. ಇಬ್ಬರು ತಟ್ಟೆಯ ಬಗ್ಗೆ. ಒಬ್ಬರು ಈ ಸಲವೂ ಬೆಲ್ಲ ತಿನ್ನಬೇಡಿ ಅಂತಲೇ ಬರೆದಿದ್ದರು. ಆ ಹಾಳೆಯನ್ನೂ ಇಟ್ಟುಕೊಂಡಿದ್ದೇನೆ.

ಮೇ ತಿಂಗಳಲ್ಲಿ ಮತ್ತೆ ಅದೇ ಬೆಡ್‌ಶೀಟ್, ಅದೇ ಗೋಡೆ. ಈಗ ಸಿನಿಮಾ 15 ನಿಮಿಷ. ಉತ್ತರ ಪ್ರದೇಶದ ಹುಡುಗ ಆ ಹುಡುಗಿಯ ಪಕ್ಕದಲ್ಲೇ ಬಂದು ಕೂತಿದ್ದ. ಅವಳು "ಹೇಗೋ, ದಿನ, ಹೋಗುತ್ತೆ" ಅಂತ ಕೂಡಿಸಿ ಓದಿದಳು. ಅವನು ತಲೆ ಆಡಿಸಿದ. ಪಾಕದವರು ಗೋಡೆಯ ಹತ್ತಿರಕ್ಕೆ ಸರಿದು, ಸ್ಪೀಕರ್‌ಗೆ ಕಿವಿ ಕೊಟ್ಟು ಕೂತರು. ಅಂಟಿತು. ಟಪ್ ಅಂತು. ಟಣ್ ಅಂತು. ಪರದೆಯಲ್ಲಿ ಅವರು "ಇಳ್ಸ್ರೋ" ಅಂದರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಹುಬ್ಬು ಗಂಟು ಹಾಕಿ, ಕೈ ಎತ್ತಿ, "ಇನ್ನೊಂದ್ಸಲ ಹಾಕವ್ವ" ಅಂದರು. ಹಾಕಿದೆ. ಕಣ್ಣು ಮುಚ್ಚಿ ಕೇಳಿದರು.

"ಅವತ್ತು ಅರ್ಧ ನಿಮ್ಷ ಬೇಗ ಇಳ್ಸ್ಬಿಟ್ಟಿದೀನಿ ಕಣವ್ವ."